ಕೇಕಿಗೆ ಕೆಜಿ ಲೆಕ್ಕ, ಆನೆಗೆ ಗಂಟೆ ಲೆಕ್ಕ

ನನ್ನ ತಂಗಿಯ ಮಗಳು ಶಿವಮೊಗ್ಗದ ವಿನೋಬನಗರದಲ್ಲಿ ಮನೆಯಲ್ಲೇ ಕೇಕ್ ಮಾಡಿಕೊಡುತ್ತಾಳೆ. ಹೋದ ತಿಂಗಳು ನಮ್ಮ ಮನೆಗೆ ಬಂದವಳು ಅಡುಗೆಮನೆ ಕಟ್ಟೆಯ ಮೇಲೆ ಕೂತು, "ದೊಡ್ಡಮ್ಮ, ಆರ್ಡರ್ ಬೇಕಾದಷ್ಟು ಬರ್ತಿದೆ, ಕೈಯಲ್ಲಿ ಮಾತ್ರ ದುಡ್ಡೇ ನಿಲ್ತಿಲ್ಲ" ಅಂದಳು. ಕೊನೆಯದಾಗಿ ಮಾಡಿದ ಕೇಕ್ ಯಾವುದು ಹೇಳು ಅಂದೆ. ಒಂದು ಮಗುವಿನ ಹುಟ್ಟುಹಬ್ಬಕ್ಕೆ 2 ಕೆಜಿ ಕೇಕ್. ಮಗು ಸಕ್ರೆಬೈಲಿಗೆ ಹೋಗಿ ಆನೆಗಳು ತುಂಗಾ ಹಿನ್ನೀರಿನಲ್ಲಿ ಸ್ನಾನ ಮಾಡುವುದನ್ನು ನೋಡಿ ಬಂದಿತ್ತಂತೆ. ಕೇಕಿನ ಮೇಲೆ ಐದು ಆನೆ ಬೇಕೇ ಬೇಕು ಅಂತ ಹಟ. ಇವಳು ಕೆಜಿಗೆ 600 ರೂಪಾಯಿಯಂತೆ 1,200 ತಗೊಂಡಿದ್ದಳು.

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಸಾಮಾನು, ಬೋರ್ಡು, ಡಬ್ಬ ಎಲ್ಲ ಸೇರಿ 740. ಕರೆಂಟು, ಪೆಟ್ರೋಲು, ಸಣ್ಣಪುಟ್ಟದ್ದು 100. ಉಳಿದದ್ದು 360 ರೂಪಾಯಿ. ಇನ್ನು ಹೊತ್ತಿನ ಲೆಕ್ಕ. ಪೇಟೆಗೆ ಹೋಗಿ ಸಾಮಾನು ತಂದು, ಕೊನೆಗೆ ಪಾತ್ರೆ ತೊಳೆದದ್ದು 1 ಗಂಟೆ 40 ನಿಮಿಷ. ಹಿಟ್ಟು ಕಲಸಿ ಬೇಯಿಸಲು 2 ಗಂಟೆ. ಕ್ರೀಮ್ ಹಚ್ಚಿ ನುಣುಪು ಮಾಡಲು ಇನ್ನೊಂದು 2 ಗಂಟೆ. ಒಂದು ಆನೆಗೆ 40 ನಿಮಿಷ, ಐದಕ್ಕೆ 3 ಗಂಟೆ 20 ನಿಮಿಷ. ಒಟ್ಟು 9 ಗಂಟೆ. ಅಂದರೆ ಗಂಟೆಗೆ 40 ರೂಪಾಯಿ! ನಮ್ಮ ತೋಟಕ್ಕೆ ಕಳೆ ತೆಗೆಯಲು ಬರುವ ಹೆಂಗಸರಿಗೆ ಇದಕ್ಕಿಂತ ಜಾಸ್ತಿ ಕೊಡುತ್ತೇವೆ, ಮೇಲೆ ಕಾಫಿ ತಿಂಡಿ. ಹುಡುಗಿಯ ಮುಖ ಸಪ್ಪಗಾಯಿತು. ನನಗೂ ಸಂಕಟವಾಯಿತು. ನಾನೂ ಎಷ್ಟೋ ವರ್ಷ ಹೀಗೇ ಮಾಡಿದವಳು.

ಎಲ್ಲರೂ ಫೋನ್ ಮಾಡಿದ ಕೂಡಲೇ ಕೇಳುವುದು "ಕೆಜಿಗೆ ಎಷ್ಟು?" ಅಂತ. ನಾವೂ ಒಂದು ಸಂಖ್ಯೆ ಹೇಳಿಬಿಡುತ್ತೇವೆ. ಅಲ್ಲಿಗೆ ಆನೆಗಳು ಪುಕ್ಕಟೆ ಹೋದವು. ಬ್ಲೌಸ್ ಹೊಲಿಯುವವರು ಹಾಗೆ ಮಾಡುತ್ತಾರಾ? ಸಾದಾ ಬ್ಲೌಸಿಗೆ ಒಂದು ದರ, ಲೈನಿಂಗ್ ಹಾಕಿದರೆ ಇನ್ನೊಂದು, ಕೈಗೆ ಕಸೂತಿ ಬೇಕಾದರೆ ಅದರದ್ದೇ ಬೇರೆ. ಸಾಗರದ ಗುಡಿಗಾರರು ಕೆತ್ತಿದ ಗಣಪತಿಯನ್ನು ಬರೀ ಮರದ ತೂಕ ನೋಡಿ ಯಾರೂ ಕೊಳ್ಳುವುದಿಲ್ಲ. ಕೇಕಿಗೂ ಹಾಗೇ ಎರಡು ಬೆಲೆ ಇಟ್ಟುಕೊಳ್ಳಿ. ಕೇಕು, ಕ್ರೀಮು ಇಷ್ಟಕ್ಕೆ ಕೆಜಿ ಲೆಕ್ಕ. ಆನೆ, ಹೂವು, ಗೊಂಬೆ ಇವಕ್ಕೆ ಗಂಟೆ ಲೆಕ್ಕ. ಹೇಳುವಾಗಲೂ ಬೇರೆ ಬೇರೆಯಾಗಿಯೇ ಹೇಳಿ.

ಸಾಮಾನಿನ ಲೆಕ್ಕಕ್ಕೆ ಒಂದು ನೂರು ಪುಟದ ನೋಟ್‌ಬುಕ್ ಸಾಕು. ಮೈದಾ, ಸಕ್ಕರೆ ಎಲ್ಲರಿಗೂ ನೆನಪಿರುತ್ತದೆ. ಮರೆತುಹೋಗುವುದು ಬಟರ್ ಪೇಪರ್, ಬಣ್ಣದ ಎರಡು ಹನಿ, ಕ್ರೀಮ್ ಹಿಂಡುವ ಪೈಪಿಂಗ್ ಬ್ಯಾಗು, ಮೇಲೆ ಉಬ್ಬಿದ್ದನ್ನು ಕತ್ತರಿಸಿ ತೆಗೆದ ಕೇಕಿನ ಚೂರು, ಬಟ್ಟಲಿನಲ್ಲೇ ಉಳಿದ ಕ್ರೀಮು. ಇವಕ್ಕೆಲ್ಲ ಸೇರಿ ಸಾಮಾನಿನ ಮೊತ್ತಕ್ಕೆ ನೂರಕ್ಕೆ ಹತ್ತರಂತೆ ನಾನು ಸೇರಿಸುತ್ತೇನೆ. ಕರೆಂಟಿಗೆ ತುಂಬ ತಲೆ ಕೆಡಿಸಿಕೊಳ್ಳಬೇಡಿ. 2,000 ವ್ಯಾಟಿನ ಓವನ್ ಒಂದು ಗಂಟೆ ಉರಿದರೆ ಹೆಚ್ಚೆಂದರೆ 2 ಯೂನಿಟ್. ನಡುವೆ ಅದೇ ಆರಿ ಹೊತ್ತುವುದರಿಂದ ಅಷ್ಟೂ ಆಗುವುದಿಲ್ಲ.

ಟಿನ್ನಿನ ಅಳತೆಯಲ್ಲಿ ಮಾತ್ರ ಬಹಳ ಜನ ಮೋಸ ಹೋಗುತ್ತಾರೆ. 6 ಇಂಚಿನ ಕೇಕಿಗೆ ಇಷ್ಟು, 8 ಇಂಚು ಅಂದರೆ ಎರಡೇ ಇಂಚು ಜಾಸ್ತಿ ಅಲ್ವಾ ಅಂತ 150 ರೂಪಾಯಿ ಸೇರಿಸಿ ಸುಮ್ಮನಾಗುತ್ತಾರೆ. ಕೇಕಿನ ಹರವು ಬೆಳೆಯುವುದು ಅಗಲವನ್ನು ಅಗಲದಿಂದಲೇ ಗುಣಿಸಿದ ಲೆಕ್ಕದಲ್ಲಿ. ಆರಾರಲೆ 36, ಎಂಟೆಂಟಲೆ 64. ಎತ್ತರ ಒಂದೇ ಇದ್ದರೆ ಹಿಟ್ಟು ಮುಕ್ಕಾಲು ಪಾಲಿಗಿಂತ ಸ್ವಲ್ಪ ಜಾಸ್ತಿಯೇ ಹೆಚ್ಚು ಬೇಕು. 10 ಇಂಚಿಗೆ ಹೋದರೆ 100, ಅಂದರೆ 6 ಇಂಚಿನ ಮೂರು ಪಟ್ಟಿಗೆ ಹತ್ತಿರ. ಈ ಮೂರು ಸಂಖ್ಯೆಯನ್ನು ಫ್ರಿಜ್ಜಿನ ಬಾಗಿಲಿಗೆ ಬರೆದು ಅಂಟಿಸಿ.

ಇನ್ನು ಕೂಲಿ. ಇದನ್ನು ಹೇಳುವಾಗ ನಮ್ಮ ಹೆಣ್ಣುಮಕ್ಕಳಿಗೆ ನಾಲಿಗೆಯೇ ಏಳುವುದಿಲ್ಲ. "ಮನೆಯಲ್ಲೇ ಇರ್ತೀನಲ್ಲ, ನನ್ನ ಕೈಗೇನು ಕೂಲಿ" ಅನ್ನುತ್ತಾರೆ. ನಮ್ಮ ಕಡೆ ಅಡಿಕೆ ಸುಲಿಯುವಾಗ ರಾತ್ರಿ ಹನ್ನೊಂದರವರೆಗೆ ಕೂತವರಿಗೂ ಸುಲಿದಷ್ಟಕ್ಕೆ ಲೆಕ್ಕ ಹಾಕಿ ಕೊಡುತ್ತೇವೆ. ಕೇಕ್ ಮಾಡುವವಳ ನಿದ್ದೆಗೆ ಮಾತ್ರ ಬೆಲೆ ಇಲ್ಲವಾ? ಕೂಲಿ ಅಂದರೆ ಲಾಭ ಅಲ್ಲ, ಅದು ಖರ್ಚು. ಮೈದಾ ಹೇಗೋ ಹಾಗೆ. ಲಾಭ ಅದರ ಮೇಲೆ ಬರಬೇಕು, ಮುಂದೊಂದು ದಿನ ಮಿಕ್ಸರ್ ಕೆಟ್ಟರೆ ಅದರಿಂದಲೇ ಹೊಸದು ತರಬೇಕು.

ತಂಗಿಯ ಮಗಳಿಗೆ ಗಂಟೆಗೆ 100 ಇಟ್ಟುಕೋ ಅಂದೆ. 9 ಗಂಟೆಗೆ 900. ಸಾಮಾನು 740, ಇತರೆ 100. ಒಟ್ಟು 1,740. ಮೇಲೆ ನೂರಕ್ಕೆ ಹತ್ತು ಲಾಭ ಅಂದರೆ 1,900ರ ಆಸುಪಾಸು. "ಅಷ್ಟು ಕೇಳಿದರೆ ಓಡಿ ಹೋಗ್ತಾರೆ ದೊಡ್ಡಮ್ಮ" ಅಂದಳು. ಹೋಗಲಿ ಬಿಡು ಅನ್ನಲಿಲ್ಲ ನಾನು. ಶಿವಮೊಗ್ಗ ಬೆಂಗಳೂರಲ್ಲ, ಜನ ಯೋಚನೆ ಮಾಡಿಯೇ ಖರ್ಚು ಮಾಡುತ್ತಾರೆ. ಬೆಲೆ ಇಳಿಸಬೇಡ, ಆನೆ ಇಳಿಸು ಅಂದೆ. ಐದರ ಬದಲು ಒಂದೇ ಆನೆ ಮಾಡಿದರೆ 2 ಗಂಟೆ 40 ನಿಮಿಷ ಉಳಿಯುತ್ತದೆ, ಕೂಲಿಯಲ್ಲೇ ಸುಮಾರು 270 ರೂಪಾಯಿ ಕಡಿಮೆ. ಸುತ್ತ ಕ್ರೀಮಿನಲ್ಲೇ ಹೊಳೆ, ಹುಲ್ಲು ಬಿಡಿಸಬಹುದು. ಮಗುವಿಗೂ ಖುಷಿ. ಆದರೆ ನಾವು ಕಲಿಯಲು ತಗೊಂಡ ಹೊತ್ತನ್ನು ಗಿರಾಕಿ ಮೇಲೆ ಹಾಕಬಾರದು. ಮೊದಲ ಆನೆಗೆ ಒಂದೂವರೆ ಗಂಟೆ ಹಿಡಿದಿದ್ದರೆ ಅದು ನಮ್ಮ ಪಾಠದ ಹೊತ್ತು.

ಮೊಟ್ಟೆ ಇಲ್ಲದ ಕೇಕ್ ನಮ್ಮಲ್ಲಿ ಜಾಸ್ತಿ ಕೇಳುತ್ತಾರೆ. ಮೊಸರು, ಸೋಡಾ ಹಾಕಿ ಮಾಡುವುದಾದರೆ ಹೆಚ್ಚಿಗೆ ತಗೊಳ್ಳುವುದು ನ್ಯಾಯ ಅಲ್ಲ. ಕಂಡೆನ್ಸ್ಡ್ ಮಿಲ್ಕ್ ಹಾಕಿದರೆ ಅದರ ದುಡ್ಡು ಸೇರಿಸಿ. ಪಾತ್ರೆ, ಬೀಟರ್ ಬೇರೆಯೇ ಇಡಿ, ನಂಬಿ ಬಂದವರು ಅವರು.

ನಮ್ಮ ಮಳೆಗಾಲಕ್ಕೆ ಬೇರೆ ಲೆಕ್ಕವೇ ಬೇಕು. ಡಬ್ಬದಲ್ಲಿಟ್ಟ ಹಪ್ಪಳವೇ ಮೆತ್ತಗಾಗುವ ಊರಲ್ಲಿ ಫಾಂಡೆಂಟ್ ಆನೆ, ಅಂದರೆ ಸಕ್ಕರೆ ಮುದ್ದೆಯಲ್ಲಿ ಮಾಡಿದ ಆನೆ, ಒಣಗುತ್ತದಾ? ಸಕ್ಕರೆ ತೇವ ಎಳೆದುಕೊಳ್ಳುತ್ತದೆ. ಆನೆಯ ಕಾಲು ಬಾಗುತ್ತದೆ, ಮೈಯೆಲ್ಲ ಬೆವರಿದ ಹಾಗೆ ಅಂಟಂಟು. ಎರಡು ದಿನ ಮೊದಲೇ ಮಾಡಿ ಫ್ಯಾನಿನ ಕೆಳಗಿಡಬೇಕು. ಫ್ರಿಜ್ಜಿಗೆ ಇಡಬೇಡಿ, ಹೊರಗೆ ತೆಗೆದ ಕೂಡಲೇ ನೀರು ಬಿಡುತ್ತದೆ. ಕೇಕ್ ಕೊಡುವ ಹೊತ್ತಿಗೆ ಮೇಲೆ ಕೂರಿಸಿ. ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ. ಅದಕ್ಕೇ ಕೇಕನ್ನು ಹಿಂದಿನ ದಿನವೇ ಬೇಯಿಸಿ, ಫ್ರೀಜರಿನಲ್ಲಿ ನಾಲ್ಕು ಬಾಟಲಿ ನೀರು ಗಟ್ಟಿ ಮಾಡಿಟ್ಟಿರಿ, ಕ್ರೀಮ್ ಕಾಪಾಡಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೊಂಬೆ ಇರುವ ಕೇಕಿಗೆ ನಾನು ಒಂದು ಗಂಟೆಯ ಕೂಲಿ ಹೆಚ್ಚಿಗೆ ಹಿಡಿಯುತ್ತೇನೆ, ಕಾರಣವನ್ನೂ ಹೇಳುತ್ತೇನೆ. ಯಾರೂ ಬೇಸರ ಮಾಡಿಕೊಂಡಿಲ್ಲ, ಅವರ ಮನೆಯಲ್ಲೂ ಅದೇ ಮಳೆ ತಾನೇ.

ನೆಂಟರಿಗೆ ಏನು ಮಾಡುವುದು ಅಂತ ಕೇಳುತ್ತೀರಿ. ಕೂಲಿ ಬಿಡಿ, ಸಾಮಾನಿನ ದುಡ್ಡು ಬಿಡಬೇಡಿ. ಅದೂ ವರ್ಷಕ್ಕೆ ಇಂತಿಷ್ಟು ಮನೆ ಅಂತ ಇರಲಿ.

ಕೇಂದ್ರ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿಕೊಳ್ಳಿ. ಮನೆಯಲ್ಲಿ ಮಾಡಿ ಮಾರಿದರೂ ಅದು ಬೇಕು. ಆ ಖರ್ಚನ್ನೂ ವರ್ಷದ ಲೆಕ್ಕಕ್ಕೆ ಸೇರಿಸಿ. ಅರ್ಧ ದುಡ್ಡು ಮುಂಗಡ ಬಂದ ಮೇಲೆಯೇ ಸಾಮಾನು ತನ್ನಿ.

ಸಾಗಿಸುವುದಕ್ಕೂ ದುಡ್ಡು ಹಿಡಿಯಿರಿ. ಬಹಳ ವರ್ಷದ ಹಿಂದೆ ತೀರ್ಥಹಳ್ಳಿಯ ಒಂದು ಮನೆಗೆ ಎರಡು ಅಂತಸ್ತಿನ ಕೇಕ್ ಒಪ್ಪಿಕೊಂಡು, ನಾನೇ ತಂದುಕೊಡುತ್ತೇನೆ ಅಂತ ಸುಮ್ನೆ ಹೇಳಿಬಿಟ್ಟೆ. ಹೊಳೆ ಪಕ್ಕದ ಆ ದಾರಿಯ ತಿರುವು ನಿಮಗೆ ಗೊತ್ತಲ್ಲ. ಮಂಡಗದ್ದೆ ದಾಟುವಾಗ ಮೇಲಿನ ಅಂತಸ್ತು ಒಂದು ಕಡೆಗೆ ಜಾರಿತು. ಮದುವೆಮನೆಯ ಹಿಂದಿನ ಕೋಣೆಯಲ್ಲಿ ಬೆಣ್ಣೆ ಸವರುವ ಚಾಕು ಹಿಡಿದು ಕೈ ನಡುಗುತ್ತಾ ಸರಿ ಮಾಡಿದೆ. ಅವತ್ತಿನಿಂದ ಕೆಳಗಿನ ಕೇಕಿನೊಳಗೆ ದಪ್ಪ ಸ್ಟ್ರಾ ನಿಲ್ಲಿಸಿ, ನಡುವೆ ತೆಳು ಬೋರ್ಡು ಇಟ್ಟು, ಮೇಲಿನದ್ದನ್ನು ಬೇರೆ ಡಬ್ಬದಲ್ಲಿ ಒಯ್ದು ಅಲ್ಲೇ ಜೋಡಿಸುತ್ತೇನೆ. ಹೋಗಿ ಬರುವ ಪೆಟ್ರೋಲು, ಅಲ್ಲಿ ನಿಂತು ಜೋಡಿಸುವ ಅರ್ಧ ಗಂಟೆ, ಚೀಲದಲ್ಲಿ ಒಯ್ಯುವ ಒಂದು ಬಟ್ಟಲು ಹೆಚ್ಚುವರಿ ಕ್ರೀಮು, ಮೂರೂ ಬೆಲೆಯಲ್ಲಿರುತ್ತವೆ.

ಮೊನ್ನೆ ಭದ್ರಾವತಿಯಿಂದ ತಂಗಿಯ ಮಗಳಿಗೆ ಆರ್ಡರ್ ಬಂದಿತ್ತು. ಈ ಸಲ ನವಿಲು. ಕೇಕಿಗೆ ಇಷ್ಟು, ನವಿಲಿಗೆ ಇಷ್ಟು ಅಂತ ಬೇರೆ ಬೇರೆ ಹೇಳಿದಳಂತೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, ನವಿಲು ಇರಲಿ, ಕೇಕ್ ಅರ್ಧ ಕೆಜಿ ಕಡಿಮೆ ಮಾಡಿ ಅಂದರಂತೆ.