ಇಆರ್‌ಪಿನೆಕ್ಸ್ಟ್‌ನಲ್ಲಿ ಹಳೇ ಬಾಕಿ ಮೇಲೆ ಬರಬೇಕಾ? ಪಟ್ಟಿಯ ಸಾರ್ಟಿಂಗ್ ಹೀಗೆ ಬದಲಾಯಿಸಿ

ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್ ಆಫೀಸಿನಲ್ಲಿ ಬೆಳಿಗ್ಗೆ ಸೇಲ್ಸ್ ಇನ್‌ವಾಯ್ಸ್ ಪಟ್ಟಿ ತೆರೆಯೋದು ಯಾಕೆ? ಇವತ್ತು ಯಾವ ಪಾರ್ಟಿಗೆ ಫೋನ್ ಹಚ್ಚಿ ಉದ್ರಿ ಕೇಳಬೇಕು ಅಂತ ನೋಡೋಕೆ, ಅಲ್ವಾ? ಆದರೆ ವ್ಯಾಪಾರದ ಲೆಕ್ಕಪತ್ರ ಇಡುವ ಸಾಫ್ಟ್‌ವೇರ್ ಇಆರ್‌ಪಿನೆಕ್ಸ್ಟ್‌ನ 14, 15ನೇ ಆವೃತ್ತಿಗಳಲ್ಲಿ ಪಟ್ಟಿ ತಾನಾಗಿ ಬರೋದು 'ಲಾಸ್ಟ್ ಅಪ್‌ಡೇಟೆಡ್ ಆನ್' ಲೆಕ್ಕದಲ್ಲಿ. ಯಾರು ಕೊನೆಗೆ ಏನು ತಿದ್ದಿ ಸೇವ್ ಮಾಡಿದರೋ ಅದು ಮೇಲೆ. ಬಿಲ್ ಹಾಕುವವರಿಗೆ ಇದು ಸರಿ, ವಸೂಲಿ ಮಾಡುವವರಿಗೆ ದಂಡ.

ಮೊದಲು ನಿಮಗೆ ಸಿಸ್ಟಮ್ ಮ್ಯಾನೇಜರ್ ರೋಲ್ (ಸೆಟ್ಟಿಂಗ್ ಬದಲಿಸುವ ಅಧಿಕಾರ) ಇರಬೇಕು. ಮೇಲಿನ ಸರ್ಚ್‌ನಲ್ಲಿ 'ಕಸ್ಟಮೈಜ್ ಫಾರ್ಮ್' ಅಂತ ಹುಡುಕಿ ತೆರೆಯಿರಿ, ಅಲ್ಲಿ ಸೇಲ್ಸ್ ಇನ್‌ವಾಯ್ಸ್ ಆರಿಸಿ. 'ಡಿಫಾಲ್ಟ್ ಸಾರ್ಟ್ ಫೀಲ್ಡ್' ಅಂತ ಇರುತ್ತದೆ, ಅದಕ್ಕೆ ಡ್ಯೂ ಡೇಟ್ (ದುಡ್ಡು ಕೊಡಬೇಕಾದ ಕೊನೇ ದಿನ) ಕೊಡಿ, ಆರ್ಡರ್ ಎಎಸ್‌ಸಿ (ಹಳೇ ತಾರೀಖು ಮೊದಲು) ಇಡಿ. ಅಪ್‌ಡೇಟ್ ಒತ್ತಿ.

ಈಗ ಪಟ್ಟಿ ನೋಡಿದರೆ ಎಂದೋ ದುಡ್ಡು ಬಂದು ಮುಗಿದ ಬಿಲ್ಲುಗಳೇ ಮೇಲೆ ಕೂತಿರುತ್ತವೆ. ಗಾಬರಿ ಬೇಡ. 'ಔಟ್‌ಸ್ಟ್ಯಾಂಡಿಂಗ್ ಅಮೌಂಟ್' (ಇನ್ನೂ ಬರಬೇಕಾದ ದುಡ್ಡು) ಸೊನ್ನೆಗಿಂತ ಜಾಸ್ತಿ ಅಂತ ಫಿಲ್ಟರ್ ಹಾಕಿ. ಸಾರ್ಟ್ ಮಾಡಿದರೆ ಸಾಲು ಹಿಂದೆಮುಂದೆ ಆಗುತ್ತದೆ ಅಷ್ಟೇ, ಬೇಡದ್ದನ್ನು ತೆಗೆಯೋದು ಫಿಲ್ಟರ್ ಕೆಲಸ.

ಪಟ್ಟಿಯ ಬಲಗಡೆ ಮೇಲಿರುವ ಸಾರ್ಟ್ ಮೆನುವಿನಲ್ಲಿ ನಿಮಗೆ ಬೇಕಾದ ಫೀಲ್ಡ್ ಕಾಣದಿದ್ದರೆ, ಅದೇ ಕಸ್ಟಮೈಜ್ ಫಾರ್ಮ್‌ನಲ್ಲಿ ಆ ಫೀಲ್ಡಿನ ಸಾಲು ತೆರೆದು 'ಇನ್ ಲಿಸ್ಟ್ ವ್ಯೂ' ಟಿಕ್ ಮಾಡಿ.

ಜಾಸ್ತಿ ತಲೆ ಕೆಡಿಸುವುದು ಲಾಟ್ ನಂಬರ್. ಅದನ್ನು 'ಡೇಟಾ' (ಬರೀ ಬರಹದ) ಫೀಲ್ಡ್ ಆಗಿ ಮಾಡಿದ್ದರೆ ಅಂಕಿಗಳೂ ಅಕ್ಷರದ ಲೆಕ್ಕಕ್ಕೇ ಬೀಳುತ್ತವೆ: 1, 10, 11, ಆಮೇಲೆ 2. ತಾರೀಖನ್ನು ಡೇಟಾ ಫೀಲ್ಡಿನಲ್ಲಿ ಬರೆದರೂ ಇದೇ ಪಾಡು. ಹಳೇ ಫೀಲ್ಡಿನ ಜಾತಿ ಬದಲಿಸೋಕೆ ಹೋಗಬೇಡಿ. ಹೊಸದೊಂದು 'ಇಂಟ್' (ಪೂರ್ಣಾಂಕದ) ಫೀಲ್ಡ್ ಸೇರಿಸಿ, ಹಳೇ ನಂಬರುಗಳನ್ನು ಡೇಟಾ ಇಂಪೋರ್ಟ್ ಮೂಲಕ ಅದಕ್ಕೆ ತುಂಬಿ.

ಐಟಂ ಪಟ್ಟಿಗೂ ಇದೇ ಉಪಾಯ. ಅಕ್ಷರದ ಕ್ರಮದಲ್ಲಿ ಬಿಟ್ಟರೆ ತೌಡು, ನುಚ್ಚು, ಸೋನಾ ಮಸೂರಿ ಎಲ್ಲಾ ಎಲ್ಲೆಲ್ಲೋ ಇರುತ್ತವೆ. 'ಕ್ರಮ' ಅಂತ ಒಂದು ಇಂಟ್ ಫೀಲ್ಡ್ ಮಾಡಿ ಸೋನಾ ಮಸೂರಿಗೆ 10, ನುಚ್ಚಿಗೆ 20, ತೌಡಿಗೆ 30 ಕೊಡಿ, ಆಮೇಲೆ ಅದನ್ನೇ ಸಾರ್ಟ್ ಫೀಲ್ಡ್ ಮಾಡಿ. 1, 2, 3 ಅಂತ ಒತ್ತೊತ್ತಾಗಿ ಕೊಡಬೇಡಿ, ನಾಳೆ ನಡುವೆ ಹೊಸ ತಳಿ ಸೇರಿಸಬೇಕಾದರೆ ಜಾಗ ಬೇಕು. ಇನ್ನೊಂದು, ನಂಬರ್ ಹಾಕದೇ ಬಿಟ್ಟ ಐಟಂಗಳಿಗೆ ಸೊನ್ನೆ ಅಂತ ಇರುತ್ತದೆ, ಹಾಗಾಗಿ ಅವೇ ಮೇಲೆ ಬರುತ್ತವೆ. ಬೇಡದ ಐಟಂಗೆ ಸುಮ್ನೆ 999 ಹಾಕಿಬಿಡಿ.

ಡಿಫಾಲ್ಟ್‌ನಲ್ಲಿ ಒಂದೇ ಫೀಲ್ಡ್ ಆರಿಸಬಹುದು. ಪಾರ್ಟಿವಾರು, ಅದರೊಳಗೆ ತಾರೀಖುವಾರು ಬೇಕೆಂದರೆ ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ) ಗೊತ್ತಿರುವವರಿಂದ ಒಂದು ಕ್ವೆರಿ ರಿಪೋರ್ಟ್ ಬರೆಸಿ. ಆದರೆ ಪಾರ್ಟಿ ಹೆಸರಿನಿಂದ ಫಿಲ್ಟರ್ ಮಾಡಿ ತಾರೀಖಿನಿಂದ ಸಾರ್ಟ್ ಮಾಡಿದರೂ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಇಷ್ಟೆಲ್ಲಾ ಮಾಡಿದ ಮೇಲೂ 'ನನ್ನ ಕಂಪ್ಯೂಟರಿನಲ್ಲಿ ಏನೂ ಬದಲಾಗಿಲ್ಲ' ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಅವರು ಹಿಂದೆ ಮೆನುವಿನಲ್ಲಿ ಬೇರೆ ಸಾರ್ಟ್ ಆರಿಸಿದ್ದರೆ ಅದು ಅವರ ಲಾಗಿನ್‌ಗೆ ಉಳಿದಿರುತ್ತದೆ, ನಿಮ್ಮ ಡಿಫಾಲ್ಟ್ ಅದನ್ನು ಅಳಿಸೋದಿಲ್ಲ. ಅವರೇ ಒಮ್ಮೆ ಡ್ಯೂ ಡೇಟ್ ಆರಿಸಿಕೊಳ್ಳಬೇಕು.