ಹೂಂಗುಟ್ಟುವುದನ್ನು ಬಿಟ್ಟ ಮೇಲೆ ಕೇಳಿಸಿದ್ದು

"ಇಪ್ಪತ್ತು ನಿಮಿಷದ ಮಾತು ಬರೆದಿಳಿಸೋಕೆ ಮೂರು ತಾಸಾ? ಅಷ್ಟರಲ್ಲಿ ಇನ್ನೆರಡು ರೋಲ್ ಪ್ಲೇ ಆಗ್ತಿತ್ತು" ಎಂದು ನನ್ನ ಜೊತೆ ಆಪ್ತ ಸಮಾಲೋಚನೆ (ಕೌನ್ಸೆಲಿಂಗ್) ಕಲಿಯುತ್ತಿದ್ದ ಬ್ಯಾಚಿನವರು ಹೇಳುತ್ತಲೇ ಇದ್ದರು. ರೋಲ್ ಪ್ಲೇ ಎಂದರೆ ನಮ್ಮಲ್ಲೇ ಒಬ್ಬರು ಕಷ್ಟ ಹೇಳಿಕೊಳ್ಳುವುದು, ಇನ್ನೊಬ್ಬರು ಸಮಾಲೋಚಕರಾಗಿ ಕೇಳುವುದು. ನಾನು ಅದನ್ನು ರೆಕಾರ್ಡ್ ಮಾಡಿ ಬರೆದಿಳಿಸುತ್ತಿದ್ದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಸಮಾಲೋಚನೆಗೆ ಬಂದ ಒಬ್ಬನ ಎಂಟು ಭೇಟಿಗಳನ್ನು ಗ್ರಾಮಫೋನ್ ಪ್ಲೇಟಿನ ಮೇಲೆ ರೆಕಾರ್ಡ್ ಮಾಡಿ, 1942ರಲ್ಲಿ ಅಕ್ಷರಕ್ಷರ ಅಚ್ಚು ಹಾಕಿಸಿದ್ದರು ಎಂದರೂ ಯಾರೂ ಒಪ್ಪಲಿಲ್ಲ. ಕೊನೆಯ ತಿಂಗಳು ಸೂಪರ್‌ವೈಸರ್ ನನ್ನ ರೆಕಾರ್ಡಿಂಗನ್ನೇ ಎಲ್ಲರಿಗೂ ಕೇಳಿಸಿದರು. ಆಮೇಲೆ ನಾಲ್ಕು ಜನ ನನ್ನ ನೋಟ್‌ಬುಕ್ ಕೇಳಿಕೊಂಡು ಬಂದರು.

ನನ್ನ ಮನೆ ಶಿರಸಿ. ಆಪ್ತ ಸಮಾಲೋಚನೆಯ ತರಗತಿ ಕಾರವಾರದಲ್ಲಿ, ಶನಿವಾರ ಭಾನುವಾರ. ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ ಬದಲಿಸಿ ಹೋಗುತ್ತಿದ್ದೆ.

ಮೊದಲು ದುಡ್ಡು ಹೋಯಿತು. ಸುಮಾರು 3,500 ಕೊಟ್ಟು ರೆಕಾರ್ಡರ್ ತಂದೆ. ಜೂನ್ ಮಳೆ, ಮೇಲೆ ತಗಡಿನ ಮಾಡು. ಎರಡು ತಿಂಗಳ ಅಭ್ಯಾಸದಲ್ಲಿ ಕೇಳುವುದು ಮಳೆ ಮಾತ್ರ. ಕೊನೆಗೆ ಕೆಲಸಕ್ಕೆ ಬಂದದ್ದು 400ರ ಆಸುಪಾಸಿನ ಕಾಲರ್ ಮೈಕು. ಅದನ್ನು ಫೋನಿಗೆ ಸಿಕ್ಕಿಸಿದರೆ ಸಾಕು. ಎದುರಿಗೆ ಕೂತವರ ಒಪ್ಪಿಗೆಯನ್ನು ಪ್ರತಿ ಸಲ ಕೇಳುತ್ತಿದ್ದೆ.

ಆಮೇಲೆ ಬಣ್ಣದ ಪೆನ್ನು ಹಿಡಿದೆ. ಪ್ರಶ್ನೆಗೆ ಕೆಂಪು, ಸಲಹೆಗೆ ಹಸಿರು, ಅವರ ಮಾತನ್ನೇ ತಿರುಗಿ ಹೇಳಿದ್ದಕ್ಕೆ ನೀಲಿ. ಕೆಂಪು ಕಡಿಮೆ ಮಾಡಲು ಹೋಗಿ ಪುಟವೆಲ್ಲ ನೀಲಿಯಾಯಿತು. "ಗಿಳಿ ಹತ್ರ ಮಾತಾಡ್ದಂಗಾಯ್ತು" ಎಂದಳು ಅಭ್ಯಾಸಕ್ಕೆ ಎದುರು ಕೂತಿದ್ದ ಜೊತೆಗಾತಿ. ತುಂಬ ನೋವಾಯಿತು. ಒಂದೂವರೆ ತಿಂಗಳು ಹೀಗೇ ಹೋಯಿತು.

ದಾರಿ ಸಿಕ್ಕಿದ್ದು ಒಂದು ರಾತ್ರಿ ಇಯರ್‌ಫೋನ್ ಹಾಕಿಕೊಂಡು ಬರೆಯುವಾಗ. ರೆಕಾರ್ಡಿಂಗಿನಲ್ಲಿ ಜೊತೆಗಾತಿ ಹೇಳುತ್ತಿದ್ದಳು, "ತೋಟ ಮಾರೋದು ನಂಗೆ ಇಷ್ಟ..." ನಾನು, "ಹೂಂ ಹೂಂ, ಇಷ್ಟ ಇದ್ರೆ ಅಪ್ಪನ ಹತ್ರ ಹೇಳಬಹುದಲ್ವಾ?" ಅವಳು ಸ್ವಲ್ಪ ಸುಮ್ಮನಿದ್ದು ಬೇರೇನೋ ಮಾತಾಡಿದಳು. ಅದೇ ಜಾಗವನ್ನು ಏಳೆಂಟು ಸಲ ಕೇಳಿದೆ. ನನ್ನ "ಹೂಂ ಹೂಂ" ಅಡಿಯಲ್ಲಿ ಅವಳ ದನಿ ಸಣ್ಣಗೆ ಇತ್ತು: "ಇಲ್ಲ."

ನಮ್ಮ ಭಾಷೆಯಲ್ಲಿ ಇದೆ, ಇಲ್ಲ, ಅಂತೆ, ಅನ್ಸತ್ತೆ ಎಲ್ಲ ಬರುವುದು ಕೊನೆಗೇ. ನಾನು ಬಾಯಿ ಹಾಕುತ್ತಿದ್ದದ್ದೂ ಅಲ್ಲಿಯೇ. ಎಣಿಸಿದೆ. ಇಪ್ಪತ್ತು ನಿಮಿಷಕ್ಕೆ ನಲವತ್ತರ ಮೇಲೆ ಹೂಂಗುಟ್ಟಿದ್ದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅವರ ಕೊನೆಯ ಪದದ ಮೇಲೆ ಬಿದ್ದಿದ್ದವು. ಅಂದಿನಿಂದ ಬಣ್ಣ ಬಿಟ್ಟೆ, ಬರೀ ಅಡ್ಡ ಬಿದ್ದ ಜಾಗಕ್ಕೆ ಗೆರೆ. ಕ್ರಿಯಾಪದ ಬಂದ ಮೇಲೆ ಎರಡು ಉಸಿರು ಕಾಯುವುದು. ಆ ಹೊತ್ತಿನಲ್ಲಿ ನನ್ನ ಕೈ ಏನು ಮಾಡುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಜೊತೆಗೆ ಕೂತು ಕಲಿಯುವವರಿಗೆ ತೋರಿಸುತ್ತೇನೆ. ಐದು ತಿಂಗಳಲ್ಲಿ ಗೆರೆ ಆರೇಳಕ್ಕೆ ಇಳಿಯಿತು. ನಮ್ಮ ಬ್ಯಾಚಿನಲ್ಲಿ ಅಷ್ಟು ಕಡಿಮೆ ಯಾರದ್ದೂ ಇರಲಿಲ್ಲ.

ನಡುವೆ ಮನೆಯಲ್ಲೂ ಒಂದು ಪ್ರಯೋಗ ಮಾಡಿದೆ. ಅಡಿಕೆ ಸುಲಿಯುವಾಗ ಆಯಿಯ (ಅಮ್ಮನ) ಪಕ್ಕ ನಾನೂ ಮೆಟ್ಟುಗತ್ತಿ ಹಾಕಿಕೊಂಡು ಕೂತೆ. ಎದುರು ಕೂತರೆ ಎರಡು ಮಾತಿಗೆ ಏಳುವವಳು ಅಂದು ಅರ್ಧ ತಾಸು ತವರಿನ ಕಥೆ ಹೇಳಿದಳು. ಕೈಗೆ ಕೆಲಸ ಇದ್ದರೆ ಮಾತು ಬರುತ್ತದೇನೋ ಎಂದು ತರಗತಿಯಲ್ಲಿ ಮಣಿ ಪೋಣಿಸುವ ಕೆಲಸ ಕೊಟ್ಟು ನೋಡಿದೆ, ಅಲ್ಲಿ ಉಪಯೋಗವಾಗಲಿಲ್ಲ.

ಸೂಪರ್‌ವೈಸರ್ ಕೇಳಿಸಿದ ರೆಕಾರ್ಡಿಂಗಿನಲ್ಲಿ ಕಾರವಾರದ ಜೊತೆಗಾತಿಯೊಬ್ಬಳು ಅಳುತ್ತಾ ಕೊಂಕಣಿಗೆ ಹೊರಳುತ್ತಾಳೆ. ನಾನು ತಡೆಯಲಿಲ್ಲ. ಮುಗಿದ ಮೇಲೆ ಎರಡು ಉಸಿರು ಕಾದು, "ನಂಗೆ ಅರ್ಧ ಅರ್ಥ ಆಗ್ಲಿಲ್ಲ" ಎಂದೆ. ಅವಳು ಮೂಗು ಒರೆಸಿಕೊಂಡು ಮತ್ತೆ ಮೊದಲಿನಿಂದ ಹೇಳಿದಳು, ಕೊಂಕಣಿಯಲ್ಲೇ, ನಿಧಾನಕ್ಕೆ.