ಮೊದಲು ಐರನ್ ಸೈಟ್, ಆಮೇಲೆ ಕೆಂಪು ಚುಕ್ಕೆ

ರೇಂಜ್‌ನಲ್ಲಿ ಹೊಸಬರ ರೈಫಲ್‌ಗೆ ಸೈಟ್ (ಗುರಿ ನೋಡುವ ಸಾಧನ) ಕೂರಿಸಿಕೊಡುವುದು ನನಗೆ ತುಂಬಾ ಇಷ್ಟದ ಕೆಲಸ. ಬಹಳ ಜನ ರೆಡ್ ಡಾಟ್, ಅಂದರೆ ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಬ್ಯಾಟರಿ ಸೈಟ್, ಆರಿಸುವುದಕ್ಕೆ ವಾರಗಟ್ಟಲೆ ಓದಿರುತ್ತಾರೆ. ಅದು ಕೈಕೊಟ್ಟಾಗ ಬೇಕಾಗುವ ಬ್ಯಾಕಪ್ ಸೈಟ್‌ಗಳನ್ನು, ಅಂದರೆ ಬ್ಯಾಟರಿ, ಗಾಜು ಇಲ್ಲದ ಐರನ್ ಸೈಟ್‌ಗಳನ್ನು, ಮಾತ್ರ ಸುಮ್ನೆ ರೈಫಲ್ ಮೇಲಿನ ರೈಲ್‌ಗೆ ಸಿಕ್ಕಿಸಿ, ಮಡಚಿ, ಮರೆತುಬಿಟ್ಟಿರುತ್ತಾರೆ. ಅದರಲ್ಲಿ ಒಂದು ಗುಂಡೂ ಹೊಡೆದಿರುವುದಿಲ್ಲ. ಬ್ಯಾಟರಿ ಸತ್ತಾಗ, ಗಾಜಿಗೆ ಕೆಸರು ಮೆತ್ತಿದಾಗ ಅದನ್ನು ಎತ್ತಿದರೆ ಗುಂಡು ಎಲ್ಲಿಗೆ ಹೋಗುತ್ತದೆ ಅಂತ ಯಾರಿಗೆ ಗೊತ್ತು? ಅದಕ್ಕೇ ನಾನು ಯಾವಾಗಲೂ ಐರನ್ ಸೈಟ್‌ನಿಂದಲೇ ಶುರು ಮಾಡುತ್ತೇನೆ. ಇಲ್ಲಿ ಹೇಳುವುದೆಲ್ಲ ಮೇಲ್ಭಾಗದಲ್ಲಿ ಉದ್ದಕ್ಕೂ ಪಿಕಟಿನಿ ರೈಲ್ (ಸೈಟ್ ಸಿಕ್ಕಿಸಲು ಅಡ್ಡ ಕಚ್ಚುಗಳಿರುವ ಪಟ್ಟಿ) ಇರುವ ಎಆರ್-15 ಮಾದರಿಯ ರೈಫಲ್‌ಗೆ.

ಮ್ಯಾಗಜೀನ್ ತೆಗೆಯಿರಿ. ಬೋಲ್ಟ್ ಹಿಂದಕ್ಕೆಳೆದು ಚೇಂಬರ್ ಖಾಲಿ ಇದೆಯೇ ಅಂತ ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ನೋಡಿ. ನೀವು ಕೆಲಸ ಮಾಡುವ ಕೋಣೆಯಲ್ಲೇ ಗುಂಡುಗಳು ಇರಬಾರದು. ಬೋಲ್ಟ್ ಕ್ಯಾರಿಯರ್ ಹೊರಗೆ ತೆಗೆದಿಟ್ಟು ಕೆಲಸ ಮಾಡಿದರೆ ಇನ್ನೂ ಒಳ್ಳೆಯದು.

ಈಗ ರೈಲ್ ನೋಡಿ. ಪಿಕಟಿನಿ ಅಳತೆ 1995ರಲ್ಲಿ ಅಮೆರಿಕದ ಸೇನೆಯ ಮಾನದಂಡವಾಯಿತು. ಅಡ್ಡ ಕಚ್ಚಿನ ಅಗಲ 5.23 ಮಿ.ಮೀ., ಒಂದು ಕಚ್ಚಿನ ನಡುವಿನಿಂದ ಇನ್ನೊಂದರ ನಡುವಿಗೆ 10.01 ಮಿ.ಮೀ. ಹಳೆಯ ವೀವರ್ ರೈಲ್‌ನ ಕಚ್ಚು ಇದಕ್ಕಿಂತ ಕಿರಿದು. ವೀವರ್‌ಗೆ ಮಾಡಿದ ಮೌಂಟ್ (ಸೈಟ್ ಅನ್ನು ರೈಲ್‌ಗೆ ಹಿಡಿಸುವ ತಳ) ಪಿಕಟಿನಿ ಮೇಲೆ ಸಾಮಾನ್ಯವಾಗಿ ಕೂರುತ್ತದೆ, ಪಿಕಟಿನಿಯದು ವೀವರ್ ಮೇಲೆ ಎಷ್ಟೋ ಸಲ ಕೂರುವುದಿಲ್ಲ. ರೈಲ್ ಮೇಲಿನ ಎಣ್ಣೆ, ಮಸಿ ಒರೆಸಿ ತೆಗೆಯಿರಿ. ಕಚ್ಚಿನೊಳಗೆ ಒಂದು ಮರಳಿನ ಕಣ ಉಳಿದರೂ ಮೌಂಟ್ ಸರಿಯಾಗಿ ಕೂರುವುದಿಲ್ಲ.

ಹಿಂದಿನ ಸೈಟ್ ಅನ್ನು ರಿಸೀವರ್ (ಬೋಲ್ಟ್ ಇರುವ ಭಾಗ) ಮೇಲಿನ ರೈಲ್‌ನ ಹಿಂದಿನ ಕೊನೆಯಲ್ಲಿ, ಮುಂದಿನದನ್ನು ಹ್ಯಾಂಡ್‌ಗಾರ್ಡ್‌ನ (ನಳಿಗೆಯ ಸುತ್ತ ಕೈ ಹಿಡಿಯುವ ಕವಚ) ಮುಂದಿನ ತುದಿಯ ಹತ್ತಿರ ಕೂರಿಸಿ. ಎರಡರ ನಡುವಿನ ದೂರ ಜಾಸ್ತಿ ಆದಷ್ಟೂ ಗುರಿಯ ತಪ್ಪು ಕಮ್ಮಿ. ಇಲ್ಲಿ ಎರಡು ವಿಷಯ ನೋಡಲೇಬೇಕು. ಒಂದು, ಮುಂದಿನ ಸೈಟ್ ರೈಲ್ ಎತ್ತರಕ್ಕೆ ಮಾಡಿದ್ದೋ ನಳಿಗೆಯ ಮೇಲೆ ಕೂತಿರುವ ಗ್ಯಾಸ್ ಬ್ಲಾಕ್ ಎತ್ತರಕ್ಕೆ ಮಾಡಿದ್ದೋ ಎಂಬುದು. ಗ್ಯಾಸ್ ಬ್ಲಾಕ್ ತಗ್ಗಿನಲ್ಲಿರುತ್ತದೆ, ಆದ್ದರಿಂದ ಅದರ ಸೈಟ್ ಎತ್ತರ. ಅದನ್ನು ತಂದು ಹ್ಯಾಂಡ್‌ಗಾರ್ಡ್ ಮೇಲೆ ಕೂರಿಸಿದರೆ ಎಷ್ಟು ತಿರುಗಿಸಿದರೂ ಝೀರೋ (ಗುರಿಯಿಟ್ಟಲ್ಲೇ ಗುಂಡು ಬೀಳುವ ಹೊಂದಾಣಿಕೆ) ಸಿಗುವುದು ಕಷ್ಟ. ಇನ್ನೊಂದು, ಹ್ಯಾಂಡ್‌ಗಾರ್ಡ್ ಹಿಡಿದು ಅಲ್ಲಾಡಿಸಿ ನೋಡಿ. ಅದು ಸ್ವಲ್ಪ ಸಡಿಲವಾಗಿದ್ದರೂ ಸೈಟ್ ಅದರ ಜೊತೆಗೇ ಅಲ್ಲಾಡುತ್ತದೆ. ಮೊದಲು ಅದನ್ನು ಬಿಗಿ ಮಾಡಿ.

ರೆಡ್ ಡಾಟ್‌ನ ಜಾಗ ರಿಸೀವರ್ ರೈಲ್. ಮೌಂಟ್‌ನ ಅರ್ಧ ಭಾಗ ರಿಸೀವರ್ ಮೇಲೆ, ಅರ್ಧ ಹ್ಯಾಂಡ್‌ಗಾರ್ಡ್ ಮೇಲೆ ಇರುವಂತೆ ಯಾವತ್ತೂ ಕೂರಿಸಬೇಡಿ. ಅವೆರಡೂ ಬೇರೆ ಬೇರೆ ತುಂಡುಗಳು, ಬಿಸಿಯಾದಾಗ ಅಥವಾ ಕೈ ಒತ್ತಿದಾಗ ಒಂದೇ ತರಹ ವರ್ತಿಸುವುದಿಲ್ಲ. ಟೆಲಿಸ್ಕೋಪ್‌ಗೆ ಇರುವಂತೆ ಡಾಟ್‌ಗೆ ಕಣ್ಣಿನಿಂದ ಇಷ್ಟೇ ದೂರ ಅಂತ ನಿಯಮ ಇಲ್ಲ. ನಾನು ರಿಸೀವರ್‌ನ ಮುಂದಿನ ಭಾಗದಲ್ಲಿ ಕೂರಿಸುತ್ತೇನೆ. ಅಲ್ಲಿ ಕೊಳವೆಯ ಅಂಚು ನೋಟಕ್ಕೆ ಅಷ್ಟು ಅಡ್ಡ ಬರುವುದಿಲ್ಲ, ಹಿಂದಿನ ಸೈಟ್ ಮಡಚಿ ಎತ್ತುವುದಕ್ಕೂ ಜಾಗ ಸಿಗುತ್ತದೆ.

ಎತ್ತರದಲ್ಲಿ ಎರಡು ಬಗೆ. ಐರನ್ ಸೈಟ್‌ನ ಮಟ್ಟದಲ್ಲೇ ಡಾಟ್ ಬರುವುದು ಆ್ಯಬ್ಸಲ್ಯೂಟ್ ಕೋ-ವಿಟ್ನೆಸ್. ಗಾಜಿನ ಕೆಳಗಿನ ಮೂರನೇ ಒಂದು ಭಾಗದಲ್ಲಿ ಐರನ್ ಸೈಟ್ ಕಾಣುವುದು ಲೋವರ್ ಥರ್ಡ್. ಮುಂದಿನ ಸೈಟ್ ಮಡಚಲು ಬಾರದ ರೈಫಲ್‌ಗೆ ನಾನು ಲೋವರ್ ಥರ್ಡ್ ಅನ್ನೇ ಹೇಳುತ್ತೇನೆ, ಏಕೆಂದರೆ ಗಾಜಿನ ನಡುಭಾಗ ತೆರವಾಗಿರುತ್ತದೆ. ಎರಡೂ ಮಡಚುವಂಥವಾದರೆ ನಿಮ್ಮ ಕೆನ್ನೆ ಸ್ಟಾಕ್ (ಹೆಗಲಿಗೆ ಒರಗುವ ಭಾಗ) ಮೇಲೆ ಸಹಜವಾಗಿ ಎಲ್ಲಿ ಕೂರುತ್ತದೋ ಅದನ್ನು ನೋಡಿ ಆರಿಸಿ.

ಬಿಗಿಯುವಾಗ ಒಂದು ಸಣ್ಣ ಕೆಲಸವನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಮೌಂಟ್‌ನ ಅಡ್ಡ ಬೋಲ್ಟ್ ಕಚ್ಚಿನೊಳಗೆ ಕೂತ ಮೇಲೆ ಅದನ್ನು ನಳಿಗೆಯ ಬಾಯಿಯ ಕಡೆಗೆ ತಳ್ಳಿ ಹಿಡಿದು ಬಿಗಿಯಬೇಕು. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಸೈಟ್ ತನ್ನ ಭಾರಕ್ಕೆ ಅಲ್ಲೇ ಉಳಿಯಲು ನೋಡುತ್ತದೆ. ಮೊದಲೇ ಮುಂದಿನ ಗೋಡೆಗೆ ತಾಗಿದ್ದರೆ ಅದು ಜಾರುವುದಕ್ಕೆ ಜಾಗವೇ ಇರುವುದಿಲ್ಲ. ಬ್ಯಾಕಪ್ ಸೈಟ್‌ಗಳಿಗೂ ಇದೇ ಮಾತು.

ಎಷ್ಟು ಬಿಗಿ ಅನ್ನುವುದನ್ನು ಕೈಯ ಅಂದಾಜಿಗೆ ಬಿಡಬೇಡಿ. ಡಬ್ಬಿಯ ಜೊತೆ ಬಂದ ಕಾಗದದಲ್ಲಿ ಅಂಕಿ ಇರುತ್ತದೆ, ಬಿಗಿತ ಅಳೆಯುವ ಟಾರ್ಕ್ ಡ್ರೈವರ್‌ನಲ್ಲಿ ಅಷ್ಟೇ ಇಡಿ. ಸಣ್ಣ ಸ್ಕ್ರೂ ಜಾಸ್ತಿ ಬಿಗಿದರೆ ತಲೆ ಸವೆಯುತ್ತದೆ ಅಥವಾ ಮುರಿಯುತ್ತದೆ. ಸೈಟ್ ಅನ್ನು ಮೌಂಟ್‌ಗೆ ಹಿಡಿಯುವ ಸ್ಕ್ರೂಗಳನ್ನು ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಿಸಿ, ತಯಾರಕರು ಬೇಡ ಅಂದಿರದಿದ್ದರೆ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ತೊಟ್ಟು ಹಾಕಿ. ಕೆಂಪು ಬೇಡ, ಅದನ್ನು ಬಿಡಿಸಲು ಕಾಯಿಸಬೇಕಾಗುತ್ತದೆ, ಸೈಟ್‌ನ ಹತ್ತಿರ ಅಷ್ಟು ಶಾಖ ಒಳ್ಳೆಯದಲ್ಲ. ಕೊನೆಗೆ ಪೇಂಟ್ ಪೆನ್‌ನಿಂದ ಸ್ಕ್ರೂ ತಲೆಯಿಂದ ಮೌಂಟ್‌ವರೆಗೆ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡರೆ ಸ್ಕ್ರೂ ತಿರುಗಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಈಗ ರೇಂಜ್. ಡಾಟ್ ಆಫ್ ಮಾಡಿ. ರೈಫಲ್ ಅನ್ನು ಮರಳು ಚೀಲದ ಮೇಲಿಟ್ಟು, 25 ಮೀಟರ್‌ನಲ್ಲಿ ಐರನ್ ಸೈಟ್‌ನಿಂದ ಐದು ಗುಂಡು ಹೊಡೆಯಿರಿ. ಒಂದೊಂದು ಗುಂಡಿಗೂ ತಿರುಗಿಸುತ್ತಾ ಕೂರಬೇಡಿ, ಐದರ ನಡುಬಿಂದುವನ್ನು ನೋಡಿ. ಹಿಂದಿನ ಸೈಟ್ ಅನ್ನು ಗುಂಡು ಯಾವ ಕಡೆ ಹೋಗಬೇಕೋ ಆ ಕಡೆಗೇ ಸರಿಸಬೇಕು. ಮುಂದಿನದು ಇದಕ್ಕೆ ಉಲ್ಟಾ. ಗುಂಡು ಕೆಳಗೆ ಬೀಳುತ್ತಿದ್ದರೆ ಮುಂದಿನ ಸೈಟ್‌ನ ಕಡ್ಡಿಯನ್ನು ಇಳಿಸಬೇಕು, ಆಗ ನೀವು ನಳಿಗೆಯನ್ನು ತಾನಾಗಿ ಮೇಲೆತ್ತುತ್ತೀರಿ. ಎಷ್ಟು ಇಳಿಸಬೇಕು ಅನ್ನುವುದಕ್ಕೆ ಸುಲಭ ಲೆಕ್ಕ ಇದೆ: ತಪ್ಪಿದ ದೂರವನ್ನು ಎರಡು ಸೈಟ್‌ಗಳ ನಡುವಿನ ದೂರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. ಸೈಟ್‌ಗಳ ನಡುವೆ 40 ಸೆಂ.ಮೀ. ಇದ್ದು, 50 ಮೀಟರ್‌ನಲ್ಲಿ ಗುಂಡು 5 ಸೆಂ.ಮೀ. ತಪ್ಪಿದರೆ ಕಡ್ಡಿ ಸರಿಯಬೇಕಾದ್ದು ಬರೀ 0.4 ಮಿ.ಮೀ. ಸ್ವಲ್ಪ ಸ್ವಲ್ಪ ತಿರುಗಿಸಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

5.56 ಮಿ.ಮೀ. ಗುಂಡಿಗೆ ನಾನು 50 ಮೀಟರ್ ಝೀರೋ ಇಡುತ್ತೇನೆ. ಅಲ್ಲಿ ಗುರಿರೇಖೆ ಮುಟ್ಟಿದ ಗುಂಡು ಸ್ವಲ್ಪ ಮೇಲೇರಿ, 200 ಮೀಟರ್ ಆಸುಪಾಸಿನಲ್ಲಿ ಮತ್ತೆ ಅದೇ ರೇಖೆಗೆ ಇಳಿಯುತ್ತದೆ. ಸೈಟ್ ನಳಿಗೆಗಿಂತ ಸುಮಾರು 6.5 ಸೆಂ.ಮೀ. ಮೇಲಿರುವುದರಿಂದ, 25 ಮೀಟರ್‌ನಲ್ಲಿ ಗುಂಡು ಮೂರು ಸೆಂ.ಮೀ.ನಷ್ಟು ಕೆಳಗೆ ಬಿದ್ದರೆ ಅದು ಸರಿಯಾಗೇ ಇದೆ. ಅಲ್ಲಿ ನಟ್ಟನಡುವೆ ತರಲು ಹೋಗದೆ, ಕಡೆಯ ಹೊಂದಾಣಿಕೆಯನ್ನು 50 ಮೀಟರ್‌ನಲ್ಲೇ ಮಾಡಿ.

ಐರನ್ ಸೈಟ್ ಮುಗಿದ ಮೇಲೆ ಎರಡನ್ನೂ ಮಡಚಿ, ಡಾಟ್ ಹಚ್ಚಿ. ಕೆಲವರು ಐರನ್ ಸೈಟ್ ಎತ್ತಿ, ಚುಕ್ಕೆಯನ್ನು ಕಡ್ಡಿಯ ತುದಿಗೆ ತಂದು, ಝೀರೋ ಆಯಿತು ಅನ್ನುತ್ತಾರೆ. ಶುರುವಿಗೆ ಅದು ಒಳ್ಳೆಯ ದಾರಿ, ಟಾರ್ಗೆಟ್ ಮೇಲೆ ಬೇಗ ಬರುತ್ತೀರಿ. ಆದರೆ ಅದು ಝೀರೋ ಅಲ್ಲ. ಕೆನ್ನೆ ಒಂಚೂರು ಸರಿದಿದ್ದರೂ ಆ ತಪ್ಪು ಡಾಟ್‌ಗೂ ಅಂಟಿಕೊಳ್ಳುತ್ತದೆ. ಡಾಟ್‌ನಿಂದಲೇ ಗುಂಡು ಹೊಡೆದು, ಗ್ರೂಪ್ (ಗುಂಡುಗಳು ಬಿದ್ದ ಗುಂಪು) ನೋಡಿಯೇ ತಿರುಗಿಸಿ. 1 ಎಂಒಎ (ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಅಂದರೆ 100 ಮೀಟರ್‌ನಲ್ಲಿ ಸುಮಾರು 2.9 ಸೆಂ.ಮೀ., 50ರಲ್ಲಿ 1.45. ನಿಮ್ಮ ಸೈಟ್‌ನ ಒಂದು ಕ್ಲಿಕ್ 1 ಎಂಒಎ ಆಗಿದ್ದು, 50 ಮೀಟರ್‌ನಲ್ಲಿ ಗ್ರೂಪ್ 4.5 ಸೆಂ.ಮೀ. ಎಡಕ್ಕಿದ್ದರೆ ಮೂರು ಕ್ಲಿಕ್ ಬಲಕ್ಕೆ. ಅರ್ಧ ಎಂಒಎ ಕ್ಲಿಕ್ ಆದರೆ ಆರು.

ಬೆಳಕನ್ನು ಆದಷ್ಟು ಕಮ್ಮಿ ಇಡಿ. ಚುಕ್ಕೆ ಹೊಳೆದು ಹರಡಿದರೆ ಗುರಿಯನ್ನೇ ಮುಚ್ಚುತ್ತದೆ. ಕಮ್ಮಿ ಮಾಡಿದರೂ ಅದು ಅಲ್ಪವಿರಾಮದ ತರಹ ಅಥವಾ ಚೂರುಚೂರಾಗಿ ಕಂಡರೆ ಸೈಟ್ ವಾಪಸ್ ಕೊಡುವ ಮೊದಲು ಮೊಬೈಲ್ ಕ್ಯಾಮೆರಾದಲ್ಲಿ ಚುಕ್ಕೆಯ ಫೋಟೋ ತೆಗೆಯಿರಿ. ಫೋಟೋದಲ್ಲಿ ದುಂಡಗಿದ್ದರೆ ಸಾಮಾನ್ಯವಾಗಿ ಅದು ನಿಮ್ಮ ಕಣ್ಣಿನ ಅಸ್ಟಿಗ್ಮ್ಯಾಟಿಸಂ ಎಂಬ ದೃಷ್ಟಿದೋಷ. ಹಿಂದಿನ ಸೈಟ್‌ನ ಸಣ್ಣ ರಂಧ್ರದ ಮೂಲಕ ನೋಡಿದಾಗ ಅದೇ ಚುಕ್ಕೆ ಎಷ್ಟೋ ದುಂಡಗೆ ಕಾಣುತ್ತದೆ.

ಎರಡೂ ಝೀರೋ ಆದ ಮೇಲೆ ಬ್ಯಾಕಪ್ ಎತ್ತಿ ಡಾಟ್ ಜೊತೆ ನೋಡಿ. ಚುಕ್ಕೆ ಕಡ್ಡಿಯ ತುದಿಯ ಮೇಲೆ ಕೂರಬೇಕು. ಕೂದಲೆಳೆಯಷ್ಟು ಆಚೀಚೆ ಇದ್ದರೆ ಮುಟ್ಟಲು ಹೋಗಬೇಡಿ, ಎರಡೂ ಗುಂಡು ಹೊಡೆದೇ ಝೀರೋ ಆಗಿವೆ ಅಲ್ವಾ. ಆದರೆ ಮುಂದೊಂದು ದಿನ ಚುಕ್ಕೆ ಕಡ್ಡಿಯಿಂದ ದೂರ ಸರಿದಿದ್ದರೆ ಯಾವುದೋ ಒಂದು ಸಡಿಲವಾಗಿದೆ ಅಂತಲೇ ಅರ್ಥ. ಪೇಂಟ್ ಗೆರೆಗಳನ್ನು ನೋಡಿ, ಹ್ಯಾಂಡ್‌ಗಾರ್ಡ್ ಅಲ್ಲಾಡಿಸಿ, ಆಮೇಲೆ ಕಾಗದದ ಮೇಲೆ ಹೊಡೆದು ಯಾವುದು ಅಂತ ಕಂಡುಹಿಡಿಯಿರಿ.

ಮೊದಲ ದಿನದ ಅಭ್ಯಾಸ ಮುಗಿದಾಗ ಎಲ್ಲ ಸ್ಕ್ರೂಗಳ ಟಾರ್ಕ್ ಇನ್ನೊಮ್ಮೆ ಪರೀಕ್ಷಿಸಿ. ಯಾವ ಗುಂಡಿನಿಂದ, ಎಷ್ಟು ಮೀಟರ್‌ಗೆ ಝೀರೋ ಮಾಡಿದಿರಿ, ಬ್ಯಾಟರಿ ಯಾವಾಗ ಹಾಕಿದಿರಿ ಅಂತ ಒಂದು ಚೀಟಿಯಲ್ಲಿ ಬರೆದು ರೈಫಲ್ ಚೀಲದಲ್ಲಿಡಿ. ಬ್ಯಾಟರಿಯನ್ನು ಸಾಯುವವರೆಗೂ ಕಾಯದೆ ವರ್ಷಕ್ಕೊಮ್ಮೆ ಬದಲಿಸಿ.